ಪೆಟ್ಟಿಗೆಯೊಳಗಿನ ನೀಲಿ

ಬಣ್ಣದ ಕಾರ್ಖಾನೆಯ ಉತ್ತರದ ಗೋಡೆಯಲ್ಲಿ ಒಂದು ದೊಡ್ಡ ಕಿಟಕಿಯಿದೆ. ಅದಕ್ಕೆ ಪರದೆಯಿಲ್ಲ, ಬಣ್ಣದ ಗಾಜಿಲ್ಲ; ನೇರ ಬಿಸಿಲು ಅದರೊಳಗೆ ಎಂದೂ ಇಣುಕುವುದಿಲ್ಲ. ಕಿಟಕಿಯ ಕೆಳಗೆ ಬೂದು ಬಣ್ಣ ಬಳಿದ ಒಂದು ಉದ್ದನೆಯ ಮೇಜು, ಮೇಜಿನ ಮುಂದೆ ಬೆನ್ನಾಸರೆಯಿಲ್ಲದ ಒಂದು ಸ್ಟೂಲು. ಮೂವತ್ತೊಂದು ವರ್ಷಗಳಿಂದ ಆ ಸ್ಟೂಲಿನ ಮೇಲೆ ಕುಳಿತುಬಂದ ಹೆಣ್ಣುಮಗಳನ್ನು ಕಾರ್ಖಾನೆಯವರೆಲ್ಲ ಬಣ್ಣದಕ್ಕ ಎಂದು ಕರೆಯುತ್ತಾರೆ. ಪ್ರಿಯ ವಾಚಕರೇ, ನಮ್ಮ ಪ್ರಾರ್ಥನಾ ಮಂದಿರದ ಎರಡನೆಯ ಸಾಲಿನ ಬಲತುದಿಯಲ್ಲಿ ಕೈಕಟ್ಟಿ ಕುಳಿತುಕೊಳ್ಳುವವರು ಅವರೇ. ದೇವರು ಕೆಲವರಿಗೆ ನಾಲಿಗೆ ಕೊಡುತ್ತಾನೆ, ಕೆಲವರಿಗೆ ತೋಳು ಕೊಡುತ್ತಾನೆ. ಇವರಿಗೆ ಕಣ್ಣು ಕೊಟ್ಟ.

ಅವರ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬಹುದು, ಒಂದು ಜನ್ಮದಲ್ಲಿ ಕಲಿಯುವುದು ಕಷ್ಟ. ಬಣ್ಣದ ತೊಟ್ಟಿಯಲ್ಲಿ ಒಂದು ಸಲಕ್ಕೆ ಅದ್ದಿ ತೆಗೆಯುವಷ್ಟು ಬಟ್ಟೆಯನ್ನು ಅಲ್ಲಿ ಒಂದು ಒಬ್ಬೆ ಎನ್ನುತ್ತಾರೆ. ಒಬ್ಬೆ ಒಣಗಿದ ಮೇಲೆ ಅದರಿಂದ ಅಂಗೈಯಗಲದ ಒಂದು ತುಂಡನ್ನು ಕತ್ತರಿಸಿ ಬಣ್ಣದಕ್ಕನ ಮುಂದಿಡುತ್ತಾರೆ. ಅವರು ಅದನ್ನು ಮಾದರಿಯ ತುಂಡಿನ ಪಕ್ಕದಲ್ಲಿಟ್ಟು ನೋಡುತ್ತಾರೆ. 'ಹೂಂ' ಎಂದರೆ ಬಟ್ಟೆ ಗಿರಾಕಿಗೆ. 'ಉಹೂಂ' ಎಂದರೆ ಮತ್ತೆ ತೊಟ್ಟಿಗೆ. ಈ ತೀರ್ಪು ಒಂದು ಉಸಿರಿನೊಳಗೆ ಬರಬೇಕು. "ಎರಡನೇ ಉಸಿರಿಗೆ ಕಣ್ಣು ರಾಜಿ ಮಾಡ್ಕೊಳ್ಳುತ್ತೆ. ಹೆಚ್ಚು ಹೊತ್ತು ನೋಡಿದ್ರೆ ಕತ್ತೆ ಕುದುರೆ ಎರಡೂ ಒಂದೇ" ಎಂಬುದು ಅವರ ಮಾತು. ಕೆಲಸದ ಹೊತ್ತಿನಲ್ಲಿ ಬೂದು ಬಣ್ಣದ ಮೇಲಂಗಿಯನ್ನಲ್ಲದೆ ಬೇರೇನನ್ನೂ ಅವರು ತೊಡುವುದಿಲ್ಲ, ಏಕೆಂದರೆ ಕೆಂಪು ಅಂಗಿ ತೊಟ್ಟವರ ಕೈಯಲ್ಲಿ ಬಿಳಿ ಬಟ್ಟೆಯೂ ನಾಚಿಕೊಳ್ಳುತ್ತದಂತೆ.

ಇಂಥ ಅಕ್ಕನಿಗೆ ಒಬ್ಬ ತಂಗಿ, ತಂಗಿಗೆ ಒಬ್ಬಳು ಮಗಳು. ಮಗಳು ಕಾಲೇಜಿನಲ್ಲಿ ತತ್ವಶಾಸ್ತ್ರದ ಅಧ್ಯಾಪಕಿ. ಐದು ವರ್ಷ ಕುಳಿತು ಬರೆದ ಅವಳ ಪ್ರಬಂಧದ ವಿಷಯ, ಎರಡು ವಸ್ತುಗಳು 'ಒಂದೇ ಥರ ಕಾಣುವುದು' ಎಂದರೇನು ಎಂಬುದು. ಮನೆಯವರಿಗೆ ಇದಕ್ಕಿಂತ ಒಳ್ಳೆಯ ತಮಾಷೆ ಬೇರೊಂದಿರಲಿಲ್ಲ. ಹೆತ್ತ ತಾಯಿಯೇ ಬಂದವರ ಮುಂದೆ, "ನಮ್ಮಕ್ಕ ಒಂದೇ ಥರ ಇದೆಯಾ ಅಂತ ಒಂದುಸಿರಲ್ಲಿ ಹೇಳ್ತಾಳೆ. ನನ್ನ ಮಗಳಿಗೆ ಅದಕ್ಕೇ ಐದು ವರ್ಷ ಹಿಡೀತು" ಎನ್ನುವಳು. ಬಣ್ಣದಕ್ಕನೂ ನಗುವರು. "ಪುಟ್ಟಿ, ನಿಂದು ಪುಸ್ತಕದ ಬದನೆಕಾಯಿ ಕಣೆ. ನೋಡೋಕೆ ಚೆಂದ, ಪಾತ್ರೆಗೆ ಬೀಳಲ್ಲ" ಎನ್ನುವರು. ಹುಡುಗಿಯೂ ನಗುತ್ತಿದ್ದಳು, ಆದರೆ ಆ ನಗು ತುಟಿಯಲ್ಲೇ ನಿಲ್ಲುತ್ತಿತ್ತು, ಕಣ್ಣಿಗೆ ಏರುತ್ತಿರಲಿಲ್ಲ. ಬಣ್ಣದ ಭೇದವನ್ನು ಕೂದಲೆಳೆಯಷ್ಟು ಹಿಡಿಯಬಲ್ಲ ದೊಡ್ಡಮ್ಮನ ಕಣ್ಣು ಆ ನಗುವಿನ ಭೇದವನ್ನು ಮಾತ್ರ ಹಿಡಿಯಲಿಲ್ಲ.

ಸಂಗತಿ ಹೀಗಿರಲು, ಒಂದು ಗುರುವಾರ ಬೆಳಗ್ಗೆ ದೊಡ್ಡಾಸ್ಪತ್ರೆಯ ಉಗ್ರಾಣದ ಅಧಿಕಾರಿ ಎರಡು ಬಟ್ಟೆಯ ತುಂಡುಗಳನ್ನು ಹಿಡಿದು ಕಾರ್ಖಾನೆಗೆ ಬಂದರು. ಆ ಆಸ್ಪತ್ರೆಯ ದಾದಿಯರ ನೀಲಿ ಸಮವಸ್ತ್ರದ ಬಟ್ಟೆ ಹನ್ನೆರಡು ವರ್ಷಗಳಿಂದ ಇಲ್ಲಿಂದಲೇ ಹೋಗುತ್ತಿತ್ತು. ಈಗ ಆಸ್ಪತ್ರೆಗೆ ಹೊಸ ಕಟ್ಟಡ ಬಂದಿತ್ತು, ಹೊಸ ದಾದಿಯರು ಬಂದಿದ್ದರು. ಬಟ್ಟೆ ಸಾಲದೆ, ಮೊದಲ ವರ್ಷದ್ದೇ ಒಂದು ಒಡೆಯದ ಮೂಟೆ ಉಗ್ರಾಣದ ಮೂಲೆಯಲ್ಲಿ ಸಿಕ್ಕಿ, ಅದರಿಂದಲೂ ಅಂಗಿ ಹೊಲಿಸಿದರು. ಉದ್ಘಾಟನೆಯ ಫೋಟೋಕ್ಕೆಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಾಗ ಬಯಲಾಯಿತು ಬಂಡವಾಳ!

"ಅರ್ಧ ಜನ ನೀಲಿ, ಅರ್ಧ ಜನ ಹಸಿರು" ಎಂದರು ಉಗ್ರಾಣದವರು. "ಒಂದೇ ಆಸ್ಪತ್ರೆಯೋರು ಅಂತ ಯಾರೂ ಹೇಳಲ್ಲ. ಎರಡು ಪಕ್ಷದೋರು ಚುನಾವಣೆಗೆ ನಿಂತ ಹಾಗಿತ್ತು. ಎರಡೂ ಹೊಸ ಬಟ್ಟೆ, ಒಂದು ಸಲಾನೂ ಒಗೆದಿಲ್ಲ. ನೋಡಿ ನೀವೇ."

ಕಾರ್ಖಾನೆಯ ಯಜಮಾನರು ನೋಡಿದರು. ಅವರು ಹಳೆಯ ಯಜಮಾನರ ಮಗ. ಅಕ್ಕನಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ನೋಡಲು ಅವರಿಗೆ ಉತ್ತರದ ಕಿಟಕಿಯೇನೂ ಬೇಕಾಗಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಏಕೆ? ಒಂದು ತುಂಡು ಮುಸ್ಸಂಜೆಯ ಆಕಾಶದಂತಿತ್ತು. ಇನ್ನೊಂದಕ್ಕೆ ಕೆರೆಯಂಚಿನ ಪಾಚಿಯ ಛಾಯೆಯಿತ್ತು. ಬುಧವಾರದೊಳಗೆ ಉತ್ತರ ಕೊಡುತ್ತೇವೆಂದು ಹೇಳಿ ಉಗ್ರಾಣದವರನ್ನು ಕಳುಹಿಸಿ, ಅಕ್ಕನನ್ನು ಕರೆಸಿದರು.

"ಅಕ್ಕ, ಇವೆರಡೂ ನಿಮ್ಮ ಕೈಯಲ್ಲಿ ಹೂಂ ಅನ್ನಿಸ್ಕೊಂಡು ಹೋದ ಬಟ್ಟೆ."

ಬಣ್ಣದಕ್ಕ ಒಂದು ಉಸಿರು ನೋಡಿದರು. "ಇವೆರಡೂ ಒಂದೇ ಅಂತ ನಾನು ಯಾವತ್ತೂ ಹೇಳಿರಲ್ಲ ಯಜಮಾನ್ರೆ."

"ಹೂಂ ಅಂತ ಬರೆದ ಚೀಟಿ ನಿಮ್ಮದೇ. ಸಹಿ ನಿಮ್ಮದೇ." ಯಜಮಾನರು ಮುಖ ನೋಡದೆ ಮುಂದಿನ ಮಾತು ಆಡಿದರು. "ವಯಸ್ಸು ಯಾರನ್ನೂ ಬಿಡಲ್ಲ ಅಕ್ಕ. ತಪ್ಪು ತಿಳ್ಕೋಬೇಡಿ. ಬುಧವಾರದಿಂದ ನೀವು ಬಟ್ಟೆ ಮಡಿಸೋ ಕೋಣೇಲಿ ಕೂತ್ಕೊಳ್ಳಿ. ಸಂಬಳ ಅಷ್ಟೇ ಇರುತ್ತೆ."

ಮಡಿಸುವ ಕೋಣೆಗೆ ಕಿಟಕಿಯೇ ಇಲ್ಲ. ಅಲ್ಲಿ ಕೆಲಸ ಮಾಡುವವರನ್ನು ನಾನು ಹೀಗಳೆಯುತ್ತಿಲ್ಲ; ದೇವರ ಕಣ್ಣಿಗೆ ಮಡಿಸುವ ಕೈಯೂ ಅಷ್ಟೇ, ಅದ್ದುವ ಕೈಯೂ ಅಷ್ಟೇ. ಆದರೆ ಸಂಬಳ ಉಳಿದು ಕಣ್ಣು ಹೋಯಿತೆನ್ನಿಸಿಕೊಳ್ಳುವುದು ಅಕ್ಕನಿಗೆ ಸಾವಿನ ಸಮ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆನ್ನುತ್ತಾರೆ. ಇಲ್ಲಿ ಅಂಗೈಯಗಲದ ಬಟ್ಟೆಗೆ ಹೋಗುತ್ತಲಿತ್ತು. ತೊಟ್ಟಿಗಳನ್ನು ನೋಡಿಕೊಳ್ಳುವ ಮೇಸ್ತ್ರಿ ಸಮಾಧಾನ ಹೇಳಲು ಬಂದು, "ಹೋಗ್ಲಿ ಬಿಡಿ ಅಕ್ಕ, ಮಡಿಸೋ ಕೋಣೇಲಿ ಫ್ಯಾನ್ ಇದೆ" ಎಂದು ಬೈಸಿಕೊಂಡು ಹೋದ.

ಶನಿವಾರ ಅಕ್ಕ ಕಣ್ಣಿನ ವೈದ್ಯರ ಬಳಿಗೆ ಹೋದರು. ವೈದ್ಯರು ದೀಪ ಹಾಕಿ ನೋಡಿದರು, ಚುಕ್ಕೆಗಳ ಪುಸ್ತಕ ಕೊಟ್ಟು ಓದಿಸಿದರು, ಬಣ್ಣದ ಬಿಲ್ಲೆಗಳನ್ನು ಕಲಸಿಟ್ಟು ಕ್ರಮವಾಗಿ ಜೋಡಿಸಿರೆಂದರು. ಅಕ್ಕ ಜೋಡಿಸಿದರು. "ಅಮ್ಮಾ, ಅಕ್ಷರ ಓದೋಕೆ ನಿಮಗೆ ಕನ್ನಡಕ ಬೇಕು. ಬಣ್ಣಕ್ಕೆ ಬೇಡ. ಒಂದು ಬಿಲ್ಲೇನೂ ತಪ್ಪಿಲ್ಲ ನೀವು. ನಾನೇ ಎರಡು ತಪ್ಪಿಡ್ತೀನಿ" ಎಂದರು ವೈದ್ಯರು. ಇನ್ನೊಬ್ಬರಾಗಿದ್ದರೆ ಸಂತೋಷಪಡುತ್ತಿದ್ದರು. ಅಕ್ಕನ ಎದೆ ಮತ್ತಷ್ಟು ಭಾರವಾಯಿತು. ಕಣ್ಣು ಕೆಟ್ಟಿದ್ದರೆ ಅದು ವಯಸ್ಸಿನ ಕೆಲಸ ಎನ್ನಬಹುದಿತ್ತು. ಕಣ್ಣು ಸರಿಯಿದ್ದೂ ಬಟ್ಟೆ ತಪ್ಪಿದೆಯೆಂದರೆ, ಅದು ಯಾರ ಕೆಲಸ?

ಭಾನುವಾರ ಪ್ರಾರ್ಥನೆ ಮುಗಿಸಿ ಅವರು ಎಂದಿನಂತೆ ತಂಗಿಯ ಮನೆಗೆ ಊಟಕ್ಕೆ ಹೋದರು. ಅನ್ನ ಆರುತ್ತಿದ್ದರೂ ಕೈ ತಟ್ಟೆಗೆ ಇಳಿಯಲಿಲ್ಲ.

"ಅಕ್ಕ, ತಟ್ಟೇನೇ ನೋಡ್ತಾ ಕೂತ್ರೆ ಅದೇನು ಬಣ್ಣ ಬಿಡುತ್ತಾ?" ಎಂದಳು ತಂಗಿ.

ಆಗ ಅಕ್ಕ ನಡೆದುದನ್ನೆಲ್ಲ ಹೇಳಿದರು. ತಂಗಿ ಯಜಮಾನರನ್ನು ಅವರ ಮೂರು ತಲೆಮಾರು ಸಹಿತ ಬೈದಳು. ಮಗಳು ಮಾತ್ರ ನೀರಿನ ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಕುಳಿತಿದ್ದವಳು ಮೆಲ್ಲಗೆ ಕೇಳಿದಳು:

"ದೊಡ್ಡಮ್ಮ, ಹೊಸ ತುಂಡು ಬಂದಾಗ ಅದನ್ನ ಯಾವುದರ ಪಕ್ಕ ಇಡ್ತಿದ್ರಿ?"

"ಮಾದರಿ ಪಕ್ಕ. ಇನ್ಯಾವುದರ ಪಕ್ಕ ಇಡ್ತಾರೆ?"

"ಯಾವ ಮಾದರಿ?"

"ಅಯ್ಯೋ, ಹಲಗೇಲಿ ಇರೋದು. ಹಿಂದಿನ ಒಬ್ಬೆ ತುಂಡು. ಹೊಸದು ಹೂಂ ಅನ್ನಿಸ್ಕೊಂಡ್ರೆ ಅದು ಹಲಗೆಗೆ ಬರುತ್ತೆ, ಹಿಂದಿನದನ್ನ ಹಳೇ ತುಂಡುಗಳ ದಾರಕ್ಕೆ ಪೋಣಿಸ್ತೀನಿ."

"ಮತ್ತೆ ಮೊಟ್ಟಮೊದಲನೇದು? ಆಸ್ಪತ್ರೆಯೋರು ಕೊಟ್ಟಿದ್ದು?"

"ಅದು ಭದ್ರವಾಗಿದೆ" ಎಂದರು ಅಕ್ಕ, ತುಸು ಹೆಮ್ಮೆಯಿಂದಲೇ. "ಮೊದಲನೇ ವರ್ಷ ಅದೂ ಹಲಗೆ ಮೇಲೇ ಇತ್ತು. ಕಂಡಕಂಡೋರು ಮುಟ್ಟಿ ಕೊಳೆ ಆಗುತ್ತೆ ಅಂತ ನಾನೇ ಹತ್ತಿಬಟ್ಟೇಲಿ ಸುತ್ತಿ ತಗಡಿನ ಪೆಟ್ಟಿಗೇಲಿ ಇಟ್ಟು ಬೀಗ ಹಾಕ್ದೆ. ಹಳೇ ಯಜಮಾನ್ರು ಎಷ್ಟು ಮೆಚ್ಕೊಂಡ್ರು ಗೊತ್ತಾ! ವರ್ಷಕ್ಕೊಂದು ಸಲ ಪೆಟ್ಟಿಗೆ ತೆಗೆದು ನುಸಿಗುಳಿಗೆ ಬದಲಾಯಿಸ್ತೀನಿ. ಒಂದು ವರ್ಷಾನೂ ತಪ್ಪಿಸಿಲ್ಲ."

ಹುಡುಗಿ ಲೋಟವನ್ನು ಕೆಳಗಿಟ್ಟಳು.

"ದೊಡ್ಡಮ್ಮ, ನಾನು ಐದು ವರ್ಷ ಕೂತು ಬರೆದ ಪ್ರಬಂಧಾನ ನೀವು ಹನ್ನೊಂದು ವರ್ಷದಿಂದ ದಾರಕ್ಕೆ ಪೋಣಿಸ್ತಾ ಇದ್ದೀರಿ!"

ತಾಯಿ ಬಾಯಿ ತೆರೆದಳು, ಮಗಳು ಕೈಯೆತ್ತಿ ತಡೆದಳು. "ಅಮ್ಮ, ಒಂದು ನಿಮಿಷ. ನೋಡಿ ದೊಡ್ಡಮ್ಮ. ಒಂದನೇ ತುಂಡು, ಎರಡನೇ ತುಂಡು ಒಂದೇ ಥರ ಕಾಣುತ್ತೆ. ಎರಡನೇದು ಮೂರನೇದು ಒಂದೇ ಥರ ಕಾಣುತ್ತೆ. ಹಾಗಂತ ಒಂದನೇದೂ ಮೂರನೇದೂ ಒಂದೇ ಥರ ಕಾಣಲೇಬೇಕು ಅಂತ ಇಲ್ಲ. ಉದ್ದ, ತೂಕ ಇಂಥವು ನಿಜವಾಗಿ ಸಮ ಇದ್ರೆ ಆ ಸಮ ಕೈಯಿಂದ ಕೈಗೆ ದಾಟುತ್ತೆ. 'ಒಂದೇ ಥರ ಕಾಣೋದು' ದಾಟಲ್ಲ. ದಾರೀಲಿ ಸೋರುತ್ತೆ. ನಿಮ್ಮ ಕಣ್ಣಲ್ಲ, ಯಾರ ಕಣ್ಣಾದ್ರೂ ಅಷ್ಟೇ. ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸ ಒಂದೊಂದು ಒಬ್ಬೇಲೂ ಇತ್ತು. ನೀರಿನದೋ, ಪುಡಿಯದೋ. ಒಂದೇ ಕಡೆ ವಾಲ್ತಾ ಬಂತು."

"ತೂತು ಬಿದ್ದ ಕೊಡದ ಹಾಗೆ" ಎಂದರು ಅಕ್ಕ.

"ಹೂಂ. ಹನಿ ಹನಿ ಕೂಡಿ ಹಳ್ಳ ಆಗೋ ಹಾಗೆ, ಹನಿ ಹನಿ ಸೋರಿ ಕೊಡ ಖಾಲಿ."

"ಅಯ್ಯೋ, ಇದು ನನ್ನ ಸೊಂಟದ ಕಥೆ!" ಎಂದು ತಂಗಿ ನಡುವೆ ಬಾಯಿ ಹಾಕಿದಳು. "ಮೂವತ್ತು ವರ್ಷ ದಿನಾ ಕನ್ನಡೀಲಿ ನೋಡ್ಕೊಂಡೆ, ದಿನಾ ನಿನ್ನೆ ಥರಾನೇ ಇದ್ದೆ. ಮೊನ್ನೆ ಮದುವೆ ಬಟ್ಟೆ ತೆಗೆದು ನೋಡಿದ್ರೆ ತೋಳೂ ಹೋಗಲ್ಲ! ಇದನ್ನ ಹೇಳೋಕೆ ನಿಂಗೆ ಐದು ವರ್ಷ ಬೇಕಾಯ್ತೇನೆ?"

"ಹೇಳೋಕೆ ಐದು ನಿಮಿಷ ಅಮ್ಮ. ಇದರಿಂದ ತಪ್ಪಿಸ್ಕೊಳ್ಳೋ ದಾರಿ ಏನಾದ್ರೂ ಇದೆಯಾ ಅಂತ ಹುಡುಕೋಕೆ ಐದು ವರ್ಷ."

"ಸಿಕ್ತಾ?"

"ಇಲ್ಲ."

"ನೋಡಿದ್ಯಾ ಅಕ್ಕ!" ಎಂದು ತಂಗಿ ಗೆದ್ದವಳಂತೆ ಕೈ ಚಾಚಿದಳು. ಆದರೆ ಅಕ್ಕ ನಗುತ್ತಿರಲಿಲ್ಲ; ಹೆಣ್ಣುಮಕ್ಕಳೂ ಸೊಸೆಯಂದಿರೂ ಇಲ್ಲದ ಆ ಹೆಂಗಸು ತಾನು ಎತ್ತಿ ಆಡಿಸಿದ ಹುಡುಗಿಯ ಮುಖವನ್ನು ಹೊಸದಾಗಿ ನೋಡುತ್ತಿದ್ದರು.

"ಸಮಾಧಾನ ಮಾಡ್ಕೊಳ್ಳಿ ದೊಡ್ಡಮ್ಮ" ಎಂದಳು ಹುಡುಗಿ. "ಒಂದೊಂದು ಹೆಜ್ಜೇನೂ ಸರಿಯಾಗೇ ಇತ್ತು. ಯಾವ ಹೆಜ್ಜೇಲೂ ತಪ್ಪಿಲ್ಲ ಅಂದ್ಮೇಲೆ ತಪ್ಪು ಎಲ್ಲಿದೆ ಅಂತ ನಮ್ಮ ತತ್ವಶಾಸ್ತ್ರದೋರು ಇನ್ನೂ ಜಗಳ ಆಡ್ತಾ ಇದ್ದಾರೆ. ಇದು ಯಾರ ತಪ್ಪೂ ಅಲ್ಲ ಅನ್ನಬಹುದು."

ಅಕ್ಕ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಮೂರು ದಿನಗಳಲ್ಲಿ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡರು. ಕೈತೊಳೆಯಲು ಎದ್ದಾಗ ಮಾತ್ರ ಒಂದು ಮಾತು ಹೇಳಿದರು:

"ಪುಟ್ಟಿ, ನಿಮ್ಮೋರಿಗೆ ಹೇಳು. ತಪ್ಪು ಹೆಜ್ಜೇಲಿ ಇಲ್ಲ. ಪೆಟ್ಟಿಗೆಗೆ ಬೀಗ ಹಾಕಿದ ದಿನದಲ್ಲಿದೆ."

ಹುಡುಗಿ ಎಂಜಲು ಕೈಯಲ್ಲೇ ಎದ್ದುಹೋಗಿ, ಎಡಗೈಯಿಂದ ತನ್ನ ಪುಸ್ತಕದಲ್ಲಿ ಅದನ್ನು ಬರೆದುಕೊಂಡಳು. ತಾಯಿ ಅದಕ್ಕೂ ಬೈದಳು.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಲೇಬೇಕು. ಪಂಡಿತರ ತತ್ವವಿಚಾರ ಬಾಯಾರಿದವನಿಗೆ ನೀರಿನ ಚಿತ್ರ ತೋರಿಸಿದಂತೆ ಎಂದು ನಾನು ಪ್ರಾರ್ಥನಾ ಮಂದಿರದಲ್ಲಿ ನಿಂತು ಹೇಳಿದ್ದುಂಟು. ಜನ ತಲೆದೂಗಿದ್ದೂ ಉಂಟು. ಆ ಮಾತನ್ನು ಇಂದು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಬಾವಿ ತೋಡುವವನು ನೆಲದ ಮೇಲಿರುವವರ ಕಣ್ಣಿಗೆ ಬೀಳುವುದಿಲ್ಲ. ಅವನು ಮಣ್ಣಿನೊಳಗೆ ಏನು ಮಾಡುತ್ತಿದ್ದಾನೆಂದು ಕೇಳುವವರೇ ನೀರು ಬಂದ ದಿನ ಕೊಡ ಹಿಡಿದು ಸಾಲು ನಿಲ್ಲುತ್ತಾರೆ. ಅಗೆದ ಬಾವಿಗಳಲ್ಲೆಲ್ಲ ನೀರು ಬರುವುದಿಲ್ಲ, ನಿಜ. ಹಾಗೆಂದು ಅಗೆಯುವವರನ್ನು ನಕ್ಕು ಓಡಿಸಿದ ಊರು ಬಾಯಾರಿಯೇ ಸಾಯಬೇಕು. ಬುದ್ಧಿಯನ್ನೂ ಭಗವಂತನೇ ಕೊಟ್ಟದ್ದು. ಅದನ್ನು ಸೂಕ್ಷ್ಮವಾಗಿ ಬಳಸುವವರನ್ನು ಕಂಡು ನಗುವುದು ಭಕ್ತಿಯಲ್ಲ.

ಬುಧವಾರ ಅಕ್ಕ ಎಲ್ಲರಿಗಿಂತ ಮೊದಲೇ ಕಾರ್ಖಾನೆಗೆ ಹೋದರು. ಹಳೆಯ ಸಾಮಾನಿನ ಕೋಣೆಯಿಂದ ತಗಡಿನ ಪೆಟ್ಟಿಗೆಯನ್ನು ತಂದು ಬೀಗ ತೆಗೆದರು. ನುಸಿಗುಳಿಗೆಯ ಘಾಟು ಮೂಗಿಗೆ ಬಡಿಯಿತು. ಹತ್ತಿಬಟ್ಟೆಯ ಮೂರು ಸುತ್ತು ಬಿಚ್ಚಿ ಮೊದಲ ಮಾದರಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ವರ್ಷ ವರ್ಷವೂ ಅದನ್ನು ಮುಟ್ಟಿದ್ದರು. ಆ ಕತ್ತಲೆ ಕೋಣೆಯಲ್ಲಿ ಗುಳಿಗೆ ಬದಲಾಯಿಸಿ ಮುಚ್ಚಿದ್ದರು. ಬೆಳಕಿಗೆ ತಂದು ನೋಡಿದ್ದು ಹನ್ನೊಂದು ವರ್ಷಗಳಲ್ಲಿ ಅಂದೇ ಮೊದಲು.

ಬಳಿಕ ಗೂಟಕ್ಕೆ ನೇತುಹಾಕಿದ್ದ ದಾರವನ್ನು ಇಳಿಸಿ ಗಂಟು ಬಿಚ್ಚಿದರು. ಹಲಗೆಯ ಮೇಲಿದ್ದ ಕೊನೆಯದೂ ಸೇರಿ ನಲವತ್ತೊಂದು ಒಬ್ಬೆಗಳ ನಲವತ್ತೊಂದು ತುಂಡುಗಳು. ಎಡತುದಿಯಲ್ಲಿ ಮೊದಲ ಮಾದರಿಯನ್ನಿಟ್ಟು, ಅದರ ಪಕ್ಕದಲ್ಲಿ ಒಂದನೆಯ ತುಂಡು, ಅದರ ಪಕ್ಕದಲ್ಲಿ ಎರಡನೆಯದು, ಹೀಗೆ ಮೇಜಿನುದ್ದಕ್ಕೂ ಅಂಚಿಗೆ ಅಂಚು ತಾಗಿಸಿ ಹಾಸಿದರು. ಅಷ್ಟರಲ್ಲಿ ಯಜಮಾನರೂ ಮೇಸ್ತ್ರಿಯೂ ಬಂದರು. ಹಿಂದೆಯೇ ಆಸ್ಪತ್ರೆಯ ಉಗ್ರಾಣದವರೂ ಬಂದರು.

"ಏನಕ್ಕ, ಬಟ್ಟೆ ಒಣಗಿಸ್ತಾ ಇದ್ದೀರಾ?" ಎಂದ ಮೇಸ್ತ್ರಿ.

"ನಿನ್ನ ಮಾನ ಒಣಗಿಸ್ತಾ ಇದ್ದೀನಿ, ಸುಮ್ನಿರು." ಅಕ್ಕ ಯಜಮಾನರ ಕಡೆ ತಿರುಗಿದರು. "ಯಜಮಾನ್ರೆ, ಇಲ್ಲಿ ಹನ್ನೆರಡು ವರ್ಷದ ನೀಲಿ ಇದೆ, ಹಾಕಿದ ಕ್ರಮದಲ್ಲೇ. ಪಕ್ಕಪಕ್ಕದ ಎರಡರಲ್ಲಿ ನನ್ನ ಕಣ್ಣು ತಪ್ಪಿದ ಜಾಗ ಒಂದನ್ನ ತೋರಿಸಿ. ತೋರಿಸಿದ್ರೆ ನೀವು ಹೇಳೋದೂ ಬೇಡ, ನಾನೇ ಮಡಿಸೋ ಕೋಣೆಗೆ ಹೋಗ್ತೀನಿ."

ಯಜಮಾನರು ಬಗ್ಗಿ ನೋಡುತ್ತ ಎಡದಿಂದ ಬಲಕ್ಕೆ ನಡೆದರು. ಬಲದಿಂದ ಎಡಕ್ಕೆ ಬಂದರು. ಮೇಸ್ತ್ರಿ ಹುಮ್ಮಸ್ಸಿನಿಂದ ಕೂಗಿದ: "ಇಲ್ಲಿ! ಇಲ್ಲಿದೆ! ಹದಿನೇಳು, ಹದಿನೆಂಟು!"

ಅಕ್ಕ ಆ ಎರಡನ್ನೂ ಎತ್ತಿ ಬೇರೆಯಾಗಿಟ್ಟರು.

"ಒಂದೇ ಇದೆಯಲ್ಲೋ" ಎಂದರು ಯಜಮಾನರು.

"ಆಗ ಬೇರೆ ಇತ್ತು ಯಜಮಾನ್ರೆ."

"ಆಗ ನಿನ್ನ ತಲೆ ನೆರಳು ಅದರ ಮೇಲಿತ್ತು" ಎಂದರು ಅಕ್ಕ. "ನೆರಳು ಅಷ್ಟು ದೊಡ್ಡದು, ಒಳಗೆ ಏನಿದೆಯೋ ದೇವರೇ ಬಲ್ಲ."

ಉಗ್ರಾಣದವರು ಕನ್ನಡಕ ಒರೆಸಿಕೊಂಡು ಒಂದೊಂದೇ ಜೋಡಿಯನ್ನು ಎತ್ತೆತ್ತಿ ನೋಡಿದರು. ಅವರು ಅವಸರದ ಮನುಷ್ಯರಲ್ಲ. ಕೊನೆಯ ತುಂಡನ್ನು ಮುಟ್ಟಿದಾಗ ನಿಟ್ಟುಸಿರು ಬಿಟ್ಟರು. "ನಾನು ನೀಲಿಯಿಂದ ಹೊರಟೆ. ಎಲ್ಲೂ ದಾರಿ ತಿರುಗಲಿಲ್ಲ. ನೋಡಿದ್ರೆ ಹಸಿರಲ್ಲಿ ನಿಂತಿದ್ದೀನಿ. ಇದೇನು ಮಾಟವೋ!"

"ಮಾಟ ಅಲ್ಲ" ಎಂದು ಅಕ್ಕ ಎಡತುದಿಯ ಮಾದರಿಯನ್ನೂ ಬಲತುದಿಯ ತುಂಡನ್ನೂ ತಂದು ಪಕ್ಕಪಕ್ಕದಲ್ಲಿಟ್ಟರು.  ತಂಗಿಯ ಮಗಳು ಹೇಳಿದ್ದನ್ನು ತಮ್ಮ ಮಾತಿನಲ್ಲಿ ಅವರು ವಿವರಿಸಿದರು. ಹಿಂದಿನದಕ್ಕೆ ಹೊಂದಿದ್ದು ಮೊದಲಿನದಕ್ಕೆ ಹೊಂದಬೇಕೆಂದಿಲ್ಲ. ಒಂದೇ ಥರ ಕಾಣುವುದು ದಾರಿಯಲ್ಲಿ ಸೋರುತ್ತದೆ.

"ಇದನ್ನ ಯಾರು ಹೇಳಿಕೊಟ್ರು ನಿಮಗೆ?" ಎಂದರು ಉಗ್ರಾಣದವರು.

"ನನ್ನ ತಂಗಿ ಮಗಳು. ಕಾಲೇಜಲ್ಲಿ ತತ್ವಶಾಸ್ತ್ರ ಪಾಠ ಮಾಡ್ತಾಳೆ."

"ತತ್ವಶಾಸ್ತ್ರಾನಾ? ಅದು ಇಂಥದ್ದಕ್ಕೆಲ್ಲ ಬರುತ್ತಾ?"

"ನಾನೂ ಬರಲ್ಲ ಅಂದ್ಕೊಂಡಿದ್ದೆ. ಪುಸ್ತಕದ ಬದನೆಕಾಯಿ ಅಂತಿದ್ದೆ. ಈ ಸಲ ಅಡುಗೆಗೆ ಬಂತು."

ಯಜಮಾನರ ಮುಖ ಅರಳಿತು. ಅವರು ವ್ಯಾಪಾರಿ, ಗಾಳಿ ತಮ್ಮ ಕಡೆಗೆ ತಿರುಗಿದ್ದು ಅವರಿಗೆ ಬೇಗ ತಿಳಿಯುತ್ತದೆ. "ಹಾಗಾದ್ರೆ ಅಕ್ಕ, ನಿಮ್ಮ ಕಣ್ಣು ಬಂಗಾರ. ನಾನು ಆಡಿದ ಮಾತು ವಾಪಸ್ಸು. ಆಸ್ಪತ್ರೆಗೂ ಹೀಗೇ ಬರೆದುಬಿಡೋಣ. ಪ್ರತಿ ಒಬ್ಬೆಯೂ ಹಿಂದಿನ ಒಬ್ಬೆಗೆ ಸರಿಯಾಗಿದೆ, ಪರೀಕ್ಷೆ ಮಾಡಿ ತೋರಿಸಿದ್ದೀವಿ, ಕಾರ್ಖಾನೆ ಕಡೆಯಿಂದ ಯಾವ ತಪ್ಪೂ ಆಗಿಲ್ಲ. ಮುಗೀತು!"

ಉಗ್ರಾಣದವರು ಪೆಚ್ಚಾದರು. ಕಣ್ಣಾರೆ ಕಂಡದ್ದನ್ನು ಇಲ್ಲವೆನ್ನುವಂತಿಲ್ಲ. ಎರಡು ಬಣ್ಣದ ದಾದಿಯರನ್ನು ಕಟ್ಟಿಕೊಂಡು ಹಿಂದಿರುಗುವಂತೆಯೂ ಇಲ್ಲ.

ವಾಚಕರೇ, ಈ ಗಳಿಗೆಯನ್ನು ಗಮನಿಸಿ. ಅಕ್ಕನಿಗೆ ಬೇಕಾದದ್ದೆಲ್ಲ ಕೈಗೆ ಬಂದಿತ್ತು. ಸ್ಟೂಲು ಉಳಿಯಿತು, ಕಿಟಕಿ ಉಳಿಯಿತು, ಕಣ್ಣು ಬಂಗಾರವೆಂದು ಯಜಮಾನರ ಬಾಯಿಂದಲೇ ಬಂತು. ಇನ್ನು ಸುಮ್ಮನಿದ್ದರೆ ಸಾಕಿತ್ತು. 'ಯಾರ ತಪ್ಪೂ ಅಲ್ಲ' ಎಂಬ ಮಾತನ್ನು ಭಾನುವಾರವೇ ಓದಿದ ಹುಡುಗಿಯ ಬಾಯಿಂದ ಕೇಳಿದ್ದರು. ಹರಿತವಾದ ಕತ್ತಿಯಿಂದ ಹಣ್ಣನ್ನೂ ಕೊಯ್ಯಬಹುದು, ಕೈಯನ್ನೂ ಕೊಯ್ದುಕೊಳ್ಳಬಹುದು.

"ಹಾಗೆ ಬರೀಬೇಡಿ ಯಜಮಾನ್ರೆ" ಎಂದರು ಅಕ್ಕ.

"ಯಾಕೆ? ನೀವೇ ತೋರಿಸಿದ್ರಲ್ಲ!"

"ಕಣ್ಣಿನ ತಪ್ಪಲ್ಲ ಅಂತ ತೋರಿಸ್ದೆ. ತಪ್ಪೇ ಇಲ್ಲ ಅಂತ ಹೇಳ್ಲಿಲ್ಲ. ಆಸ್ಪತ್ರೆಯೋರು ಕೇಳಿದ್ದು ನಿನ್ನೆ ಥರದ ಬಟ್ಟೆ ಅಲ್ಲ, ಈ ಥರದ ಬಟ್ಟೆ." ಅವರು ಮೊದಲ ಮಾದರಿಯ ಮೇಲೆ ಬೆರಳಿಟ್ಟರು. "ಇದು ಎಲ್ಲರ ಕಣ್ಣ ಮುಂದೆ ಇರಬೇಕಾಗಿತ್ತು. ಕೊಳೆ ಆಗುತ್ತೆ ಅಂತ ಪೆಟ್ಟಿಗೇಲಿಟ್ಟು ಬೀಗ ಹಾಕಿದೋಳು ನಾನು. ನಿಮ್ಮಪ್ಪ ಬೇಡ ಅನ್ನಲಿಲ್ಲ, ನಿಜ. ಆದ್ರೆ ಯೋಚನೆ ನಂದು, ಕೈ ನಂದು, ಬೀಗದ ಕೈ ನನ್ನ ಹತ್ರಾನೇ ಇತ್ತು. ನನ್ನ ಹೆಸರು ಹಾಕಿ ಬರೀರಿ. ಆಮೇಲೆ ನನ್ನ ಎಲ್ಲಿ ಕೂರಿಸ್ತೀರೋ ಕೂರಿಸಿ."

ಯಜಮಾನರು ಅಕ್ಕನ ಬೆರಳಿನಡಿಯ ಆ ತುಂಡನ್ನೇ ನೋಡುತ್ತ ನಿಂತರು. ಅದರ ಮೂಲೆಯಲ್ಲಿ, ಮಾದರಿಯನ್ನು ಒಪ್ಪಿಕೊಂಡ ಗುರುತಿಗೆ ಅವರ ತಂದೆ ಹಾಕಿದ್ದ ಸಣ್ಣ ಸಹಿ ಇತ್ತು.

ಉಗ್ರಾಣದವರು ಮುಂದೆ ಬಂದರು. "ಹೊಸ ಕಟ್ಟಡಕ್ಕೆ ಇನ್ನೂ ನಾಲ್ಕು ಒಬ್ಬೆ ಬಟ್ಟೆ ಬೇಕು ನಮಗೆ. ಈ ಮೊದಲನೇ ನೀಲಿಗೇ ಹಾಕಿಕೊಡ್ತೀರಾ?"

"ಹಾಕ್ತೀವಿ" ಎಂದರು ಯಜಮಾನರು.

"ಸರಿ ಇದೆ ಅಂತ ಹೇಳೋರು ಯಾರು?"

ಯಜಮಾನರು ಸ್ಟೂಲನ್ನು ಕಾಲಿನಿಂದ ಮೇಜಿನ ಹತ್ತಿರಕ್ಕೆ ಸರಿಸಿದರು. "ತಪ್ಪು ಎಲ್ಲಿತ್ತು ಅಂತ ಕಂಡುಹಿಡಿದೋರೇ ಹೇಳ್ತಾರೆ. ಕೂತ್ಕೊಳ್ಳಿ ಅಕ್ಕ. ಪತ್ರದಲ್ಲಿ ನಿಮ್ಮ ಹೆಸರು ಬೇಡ, ಕಾರ್ಖಾನೆ ಹೆಸರಿರಲಿ. ಸಹಿ ಅಪ್ಪಂದೂ ಇದೆಯಲ್ಲ."

ಈಗ ಪೆಟ್ಟಿಗೆಗೆ ಬೀಗವಿಲ್ಲ. ಮೊದಲ ಮಾದರಿಯನ್ನು ಅಕ್ಕ ಎರಡಾಗಿ ಕತ್ತರಿಸಿದರು. ಸಹಿಯಿದ್ದ ಅರ್ಧ ಪೆಟ್ಟಿಗೆಯಲ್ಲಿದೆ, ಇನ್ನರ್ಧ, ಬೆಳಕಿಗೆ ಮಾಸದಿರಲೆಂದು, ಹಲಗೆಯ ಮೇಲೆ ಒಂದು ಕಪ್ಪು ಬಟ್ಟೆಯ ಮುಸುಕಿನಡಿಯಲ್ಲಿದೆ. ದಿನಾ ಬೆಳಗ್ಗೆ ಕೆಲಸ ಆರಂಭಿಸುವ ಮೊದಲು ಮುಸುಕೆತ್ತುತ್ತಾರೆ. ನಲವತ್ತೊಂದು ತುಂಡುಗಳ ದಾರ ಕಾಲೇಜಿಗೆ ಹೋಗಿದೆ. ತಂಗಿಯ ಮಗಳು ಪ್ರತಿ ವರ್ಷದ ಮೊದಲ ತರಗತಿಯಲ್ಲಿ ಅದನ್ನು ಬೆಂಚುಗಳ ಮೇಲೆ ಹಾಸಿ, ತಪ್ಪಿದ ಜಾಗ ಹುಡುಕಿ ಎನ್ನುತ್ತಾಳಂತೆ. ಬೀಗ ಹಾಕಿದ ದಿನದ ಬಗ್ಗೆ ದೊಡ್ಡಮ್ಮ ಆಡಿದ ಮಾತನ್ನು ಕರಿಹಲಗೆಯ ಮೇಲೆ ಬರೆಯುವುದು ಗಂಟೆ ಹೊಡೆಯುವ ಹೊತ್ತಿಗೆ. ಅವಳನ್ನು ಈಗ ಮನೆಯಲ್ಲಿ ಯಾರೂ ಹಾಸ್ಯ ಮಾಡುವುದಿಲ್ಲವೆಂದರೆ ಸುಳ್ಳಾದೀತು, ತಾಯಿ ಮಾಡುತ್ತಾಳೆ. ಆದರೆ ಈಗ ಹುಡುಗಿಯ ನಗು ಕಣ್ಣಿನವರೆಗೂ ಏರುತ್ತದೆ, ಅದನ್ನು ದೊಡ್ಡಮ್ಮ ನೋಡುತ್ತಾರೆ.

ನಾನು ಆ ಮೇಜಿನ ಮುಂದೆ ನಿಂತು ಬಂದಿದ್ದೇನೆ. ನಿಂತಾಗ ನನಗೆ ನನ್ನದೇ ಪೆಟ್ಟಿಗೆಯ ನೆನಪಾಯಿತು. ನಾವೆಲ್ಲರೂ ದೇವರ ಮಾತನ್ನು ಗೌರವದಿಂದ ಬಟ್ಟೆಯಲ್ಲಿ ಸುತ್ತಿ ಎತ್ತರದಲ್ಲಿಡುವವರು. ವರ್ಷಕ್ಕೊಮ್ಮೆ ಧೂಳು ಕೊಡವಿ ನುಸಿಗುಳಿಗೆ ಹಾಕುವವರು. ಉಳಿದ ದಿನಗಳಲ್ಲಿ ಇಂದಿನ ಮಾತನ್ನು ನಿನ್ನೆಯ ಮಾತಿಗೆ, ಇಂದಿನ ಕೋಪವನ್ನು ನಿನ್ನೆಯ ಕೋಪಕ್ಕೆ ಹೋಲಿಸಿ, 'ಹೂಂ, ಸರಿಯಾಗಿದೆ' ಎಂದುಕೊಳ್ಳುತ್ತೇವೆ. ಯಾರೂ ಒಂದೇ ದಿನದಲ್ಲಿ ಕೆಡುವುದಿಲ್ಲ. ಕಾಲೇಜಿನ ಕೋಣೆಯೊಂದರಲ್ಲಿ ಕುಳಿತು ಒಬ್ಬಳು ಐದು ವರ್ಷ ಯೋಚಿಸಿದ್ದು ಇದನ್ನೇ. ನಾನು ಮೂವತ್ತು ವರ್ಷ ಉಪದೇಶ ಮಾಡಿಯೂ ಇಷ್ಟು ತಿಳಿಯಾಗಿ ಹೇಳಿರಲಿಲ್ಲ.

ಆಸ್ಪತ್ರೆಯಲ್ಲಿ ಹಸಿರು ಛಾಯೆಯ ಅಂಗಿಗಳು ಇನ್ನೂ ಇವೆ. ಹರಿಯುವವರೆಗೂ ತೊಡಲೇಬೇಕಲ್ಲ. ಹೊಸ ಒಬ್ಬೆಗಳ ಕೆಲಸ ಆ ಬುಧವಾರದ ಮರುದಿನವೇ ಆರಂಭವಾಯಿತು. ಮೇಸ್ತ್ರಿ ತಂದ ಮೊದಲ ತುಂಡನ್ನು ಅಕ್ಕ ಮಾದರಿಯ ಪಕ್ಕದಲ್ಲಿಟ್ಟರು.

"ಉಹೂಂ."

ಎರಡನೆಯದಕ್ಕೂ ಉಹೂಂ. ಮೂರನೆಯದನ್ನು ತರುವ ಹೊತ್ತಿಗೆ ಮೇಸ್ತ್ರಿಯ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

"ಉಹೂಂ."

"ಅಕ್ಕ, ಈಗ ತಂದಿದ್ದಕ್ಕೂ ಆಗ ತಂದಿದ್ದಕ್ಕೂ ಏನೂ ವ್ಯತ್ಯಾಸ ಇಲ್ಲ, ಎರಡೂ ಒಂದೇ ಥರ ಇದೆ!"

"ಅದಕ್ಕೇ ಹೇಳ್ತಿರೋದು, ಉಹೂಂ. ಆಗಿನದನ್ನ ನೋಡ್ಬೇಡ. ಇದನ್ನ ನೋಡು."

ಅವನು ಗೊಣಗುತ್ತ ತೊಟ್ಟಿಗೆ ಹೋದ. ಮಧ್ಯಾಹ್ನದ ಊಟದ ಗಂಟೆ ಹೊಡೆದ ಮೇಲೆ ನಾಲ್ಕನೆಯ ತುಂಡು ಬಂತು. ಅಕ್ಕ ಅದನ್ನು ಮೊದಲ ನೀಲಿಯ ಅಂಚಿಗೆ ತಾಗಿಸಿ ಒಂದು ಉಸಿರು ನೋಡಿದರು.

"ಹೂಂ" ಎಂದರು. ಊಟದ ಡಬ್ಬಿಯನ್ನು ಕೈಗೆತ್ತಿಕೊಂಡರು. ಮಾದರಿಯ ಮೇಲೆ ಮುಸುಕು ಎಳೆಯಲಿಲ್ಲ.